ಓದುಗರ ಪ್ರಶ್ನೆ, ನಮ್ಮ ಉತ್ತರ: ಸದರ್ನ್ ಮರಾಠಾ ರೈಲ್ವೆ

ಹಿಂದಿನ ಸಂಚಿಕೆಯಲ್ಲಿ ಹುಬ್ಬಳ್ಳಿ ರೈಲು ನಿಲ್ದಾಣದ ಹಳೆಯ ಛಾಯಾಚಿತ್ರವೊಂದನ್ನು ಪ್ರಕಟಿಸಿದಾಗ, ಅದರ ಅಡಿಬರಹದಲ್ಲಿ ‘ಸದರ್ನ್ ಮರಾಠಾ ರೈಲ್ವೆ ಕಂಪನಿ’ ಎಂಬ ಹೆಸರು ಬಂದಿತ್ತು. ಆ ಒಂದು ಹೆಸರನ್ನು ಹಿಡಿದು ಬಂದ ಪತ್ರಗಳು ಎಷ್ಟಿವೆಯೆಂದರೆ, ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಆ ಕಂಪನಿಗೇ ಮೀಸಲಿಡುವುದು ಸರಿಯೆನಿಸಿತು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಗದಗ, ಬಾದಾಮಿ, ಬಾಗಲಕೋಟೆ, ವಿಜಯಪುರ ಇವೆಲ್ಲ ಕನ್ನಡದ ಊರುಗಳು. ಇಲ್ಲಿ ಮೊದಲು ಹಳಿ ಹಾಕಿದ ಕಂಪನಿಯ ಹೆಸರಿನಲ್ಲಿ ‘ಮರಾಠಾ’ ಎಂಬ ಮಾತು ಹೇಗೆ ಬಂತು? (ಗದಗದ ಓದುಗರೊಬ್ಬರು)

ಉತ್ತರ: ಈ ಹೆಸರು ಜನರ ನುಡಿಯಿಂದ ಬಂದುದಲ್ಲ, ಹಿಂದೆ ಆಳಿದವರಿಂದ ಬಂದುದು. 1818ರಲ್ಲಿ ಪೇಶ್ವೆಯವರ ಆಳ್ವಿಕೆ ಕೊನೆಗೊಂಡಾಗ ಧಾರವಾಡ, ಬೆಳಗಾವಿಯ ಸೀಮೆಗಳು ಇಂಗ್ಲಿಷರ ಕೈಸೇರಿದವು. ಪೇಶ್ವೆಯವರಿಂದಲೂ ಅವರ ಸರದಾರರಿಂದಲೂ ಬಂದ ಈ ಭಾಗವನ್ನು ಅವರು ತಮ್ಮ ಕಡತಗಳಲ್ಲಿ ‘ದಕ್ಷಿಣ ಮರಾಠಾ ದೇಶ’ ಎಂದೇ ಕರೆದರು. ಹೊಲದಲ್ಲಿ, ಸಂತೆಯಲ್ಲಿ, ಮಠದಲ್ಲಿ ಜನ ಆಡುತ್ತಿದ್ದುದು ಕನ್ನಡ. ಸರಕಾರದ ಕಾಗದದಲ್ಲಿ ಮಾತ್ರ ಈ ನೆಲ ಮರಾಠಾ ದೇಶ. ಈ ಭಾಗದ ಶಾಲೆಗಳಲ್ಲಿ ಕನ್ನಡವನ್ನು ನೆಲೆಗೊಳಿಸಲು ಡೆಪ್ಯುಟಿ ಚನ್ನಬಸಪ್ಪನವರಂಥವರು ಎಷ್ಟು ದುಡಿಯಬೇಕಾಯಿತು ಎಂಬುದನ್ನು ನೆನೆದರೆ, 1882ರಲ್ಲಿ ಲಂಡನ್ನಿನಲ್ಲಿ ಬಂಡವಾಳ ಕೂಡಿಸಿ ಕಟ್ಟಿದ ರೈಲ್ವೆ ಕಂಪನಿಯೊಂದು ಅದೇ ಆಡಳಿತದ ಹೆಸರನ್ನು ಹೊತ್ತುಕೊಂಡದ್ದು ಅಚ್ಚರಿಯಲ್ಲ.

ಆದರೆ ಆ ಹೆಸರಿನ ಕಂಪನಿ ಹಾಕಿದ ಹಳಿಗಳು ಮಾಡಿದ ಕೆಲಸವೇ ಬೇರೆ. ಗದಗದಿಂದ ಬಳ್ಳಾರಿಗೆ ಹೋಗುವ ಗಾಡಿಯನ್ನೇ ನೋಡಿರಿ. ಗದಗದಲ್ಲಿ ಹತ್ತಿದ ಪ್ರಯಾಣಿಕ ಇಂಗ್ಲಿಷರ ಮುಂಬಯಿ ಇಲಾಖೆಯಲ್ಲಿ (ಪ್ರಾಂತದಲ್ಲಿ) ಇರುತ್ತಿದ್ದ. ಕೊಪ್ಪಳದ ಹೊತ್ತಿಗೆ ನಿಜಾಮರ ಸೀಮೆಯೊಳಗೆ ಬಂದಿರುತ್ತಿದ್ದ. ತುಂಗಭದ್ರೆಯನ್ನು ದಾಟಿ ಹೊಸಪೇಟೆ ಮುಟ್ಟಿದರೆ ಅದು ಮದ್ರಾಸ್ ಇಲಾಖೆ. ಒಂದೇ ದಿನದಲ್ಲಿ ಮೂರು ಸರಕಾರಗಳನ್ನು ದಾಟಿದರೂ ಆತನ ಕಿವಿಗೆ ಬೀಳುತ್ತಿದ್ದುದು ಒಂದೇ ಭಾಷೆ. ಹುಬ್ಬಳ್ಳಿಯಿಂದ ತೆಂಕಣಕ್ಕೆ ಹೊರಟವನು ಹರಿಹರದ ಸೇತುವೆಯನ್ನು ದಾಟಿದೊಡನೆ ನಾಲ್ಕನೆಯ ಸರಕಾರವಾದ ಮೈಸೂರು ಸಂಸ್ಥಾನವನ್ನು ಸೇರುತ್ತಿದ್ದ. ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1890ರಲ್ಲಿ. ಈ ಕಂಪನಿಯ ಮುಖ್ಯ ಮಾರ್ಗಗಳು ಒಂದಕ್ಕೊಂದು ಕೂಡಿಕೊಂಡದ್ದೂ ಅದೇ ಹೊತ್ತಿಗೆ. ಹಂಚಿಹೋದ ನಾಡಿನ ಜನ ಒಬ್ಬರನ್ನೊಬ್ಬರು ಕಾಣಲು, ಸಭೆ ಕೂಡಲು, ಪತ್ರಿಕೆ ತರಿಸಿಕೊಳ್ಳಲು ಈ ಹಳಿಗಳು ಒದಗಿಬಂದವು ಎಂದು ನಾನು ದೃಢವಾಗಿ ನಂಬುತ್ತೇನೆ. ಕಂಪನಿಯ ಉದ್ದೇಶದಲ್ಲಿ ಅದು ಇರಲಿಲ್ಲ ಎಂಬುದೂ ಅಷ್ಟೇ ನಿಜ.

ಪ್ರಶ್ನೆ: ‘ಬರಗಾಲಕ್ಕೆ ಹುಟ್ಟಿದ ರೈಲು’ ಎಂದು ನಮ್ಮ ಊರಿನ ಹಿರಿಯರು ಹೋಟಗಿ–ಗದಗ ಮಾರ್ಗವನ್ನು ಕುರಿತು ಹೇಳುತ್ತಿದ್ದರು. ಇದು ನಿಜವೇ? ರೈಲು ಬಂದ ಮೇಲೆ ಬರ ನಿಂತಿತೇ? (ಬಾಗಲಕೋಟೆ ಜಿಲ್ಲೆಯ ಶಿಕ್ಷಕಿಯೊಬ್ಬರು)

ಉತ್ತರ: ಹಿರಿಯರು ಹೇಳಿದ್ದು ಅಕ್ಷರಶಃ ನಿಜ. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಸುಟ್ಟ ಬರವನ್ನು ಮೈಸೂರು ಸೀಮೆಯವರು ಆ ಸಂವತ್ಸರಗಳ ಹೆಸರಿನಿಂದ ‘ಧಾತು ಈಶ್ವರ ಬರ’ ಎಂದು ನೆನೆಯುತ್ತಾರೆ. ನಿಮ್ಮ ಜಿಲ್ಲೆಯ ಅಂದಿನ ಹೆಸರು ಕಲಾದಗಿ. 1872ರ ಜನಗಣತಿಯಲ್ಲಿ ಅಲ್ಲಿ 8 ಲಕ್ಷ 16 ಸಾವಿರ ಜನರಿದ್ದರು. 1881ರ ಗಣತಿಯಲ್ಲಿ ಉಳಿದವರು 6 ಲಕ್ಷ 38 ಸಾವಿರ. ಮೈಸೂರು ಸಂಸ್ಥಾನದ ಜನಸಂಖ್ಯೆ ಇದೇ ಅವಧಿಯಲ್ಲಿ 50 ಲಕ್ಷ 55 ಸಾವಿರದಿಂದ 41 ಲಕ್ಷ 86 ಸಾವಿರಕ್ಕೆ ಇಳಿಯಿತು. ಇವರಲ್ಲಿ ಸತ್ತವರೆಷ್ಟು, ಗುಳೆ ಹೋದವರೆಷ್ಟು ಎಂಬ ಲೆಕ್ಕ ಏನೇ ಇರಲಿ, ಈ ಎರಡು ಗಣತಿಗಳ ನಡುವೆ ಖಾಲಿಯಾದ ಮನೆಗಳನ್ನು ಊಹಿಸಿದರೆ ಸಾಕು, ಮನಸ್ಸು ಭಾರವಾಗುತ್ತದೆ.

ಇಲ್ಲಿ ಒಂದು ಸಂಗತಿಯನ್ನು ಹತ್ತಿರದಿಂದ ನೋಡಬೇಕು. ದೇಶದ ಬೇರೆ ಕಡೆಗಳಲ್ಲಿ ಆಗ ಕಾಳು ಇರಲಿಲ್ಲವೆಂದಲ್ಲ. ಸೊಲ್ಲಾಪುರದ ಮೇಲೆ ಹಾಯ್ದು ರಾಯಚೂರಿಗೆ ಹೋಗುವ ರೈಲು ಮಾರ್ಗ 1871ರ ಹೊತ್ತಿಗೇ ಸಿದ್ಧವಾಗಿತ್ತು. ಬಳ್ಳಾರಿಗೂ ಮದ್ರಾಸ್ ರೈಲ್ವೆಯ ಕವಲು ಮುಟ್ಟಿತ್ತು. ಅಲ್ಲಿಯವರೆಗೆ ಚೀಲಗಳು ಬರುತ್ತಿದ್ದವು. ಆಮೇಲಿನ ದಾರಿ ಎತ್ತಿನ ಬಂಡಿಯದು. ಆದರೆ ಮಳೆ ಹೋದ ಸೀಮೆಯಲ್ಲಿ ಎತ್ತಿಗೆ ಮೇವೆಲ್ಲಿ, ನೀರೆಲ್ಲಿ? ದಾರಿಯ ಕೆರೆಬಾವಿಗಳು ಬತ್ತಿದ್ದವು, ದನಗಳು ಮನುಷ್ಯರಿಗಿಂತ ಮೊದಲೇ ಸತ್ತಿದ್ದವು. ಬಂಡಿ ಕಟ್ಟಿಕೊಂಡು ಹೊರಟರೂ ಎತ್ತುಗಳಿಗೆ ಬೇಕಾದ ಮೇವನ್ನು ಅದೇ ಬಂಡಿಯಲ್ಲಿ ಹೇರಬೇಕು. ಹಾಗೆ ಹೇರಿದರೆ ಕಾಳಿಗೆ ಜಾಗ ಉಳಿಯದು. ನಿಲ್ದಾಣದಲ್ಲಿ ಧಾನ್ಯ ಬಿದ್ದಿದ್ದು, ನೂರು ಮೈಲಿಯಾಚೆಯ ಊರಿನಲ್ಲಿ ಜನ ಹಸಿದು ಸತ್ತದ್ದು ಈ ಕಾರಣಕ್ಕೆ.

1880ರಲ್ಲಿ ಕ್ಷಾಮ ಆಯೋಗವು ಬರದಿಂದ ರಕ್ಷಣೆಗಾಗಿ ಇನ್ನೂ 5,000 ಮೈಲಿ ರೈಲು ಮಾರ್ಗ ತುರ್ತಾಗಿ ಬೇಕೆಂದು ವರದಿ ಕೊಟ್ಟಿತು. ಹಾಗೆ ಹುಟ್ಟಿದ ‘ಕ್ಷಾಮ ಮಾರ್ಗ’ಗಳಲ್ಲಿ ಒಂದನ್ನು ಕಟ್ಟಲೆಂದೇ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಸ್ಥಾಪನೆಯಾಯಿತು. ಸೊಲ್ಲಾಪುರದ ಪಕ್ಕದ ಹೋಟಗಿಯಿಂದ ಹೊರಟು ಭೀಮೆ, ಕೃಷ್ಣೆ, ಮಲಪ್ರಭೆಗಳನ್ನು ದಾಟಿ ಗದಗಕ್ಕೆ ಬರುವ ಸುಮಾರು 280 ಕಿಲೋಮೀಟರಿನ ಈ ಮಾರ್ಗದಲ್ಲಿ 1884ರಿಂದ ಗಾಡಿಗಳು ಓಡತೊಡಗಿದವು. ಕಂಪನಿಗೆ ನಷ್ಟದ ಭಯವಿರಲಿಲ್ಲ. ಹಾಕಿದ ಬಂಡವಾಳಕ್ಕೆ ಇಂತಿಷ್ಟು ಬಡ್ಡಿ ಖಚಿತವೆಂದು ಸರಕಾರವೇ ಹೊಣೆ ಹೊತ್ತಿತ್ತು. ಆದಾಯ ಸಾಲದೆ ಹೋದರೆ ಆ ಬಡ್ಡಿ ಇಲ್ಲಿಯ ಬೊಕ್ಕಸದಿಂದ, ಎಂದರೆ ರೈತನ ಕಂದಾಯದಿಂದ ಲಂಡನ್ನಿನ ಷೇರುದಾರರಿಗೆ ಸಲ್ಲಬೇಕಾಗಿತ್ತು. ದಾದಾಭಾಯಿ ನವರೋಜಿಯವರ ಕಾಲದಿಂದ ನಮ್ಮ ರಾಷ್ಟ್ರೀಯ ನಾಯಕರು ರೈಲ್ವೆ ಹೂಡಿಕೆಯನ್ನು ಟೀಕಿಸಿದ್ದರಲ್ಲಿ ಈ ಏರ್ಪಾಡೂ ಒಂದು ಮುಖ್ಯ ಕಾರಣವಾಗಿತ್ತು.

ಬರ ನಿಂತಿತೇ ಎಂದು ಕೇಳಿದ್ದೀರಿ. ಮಳೆ ತಪ್ಪುವುದನ್ನು ಹಳಿ ತಡೆಯಲಾರದು. 1896–97ರಲ್ಲಿ, ಮತ್ತೆ 1899–1900ರಲ್ಲಿ ವಿಜಯಪುರ ಸೀಮೆಯ ಮೇಲೆ ಬರ ಬಿತ್ತು. ಆಗ ಕಾಳಿನ ಚೀಲಗಳು ಬಾಗಲಕೋಟೆಯ ನಿಲ್ದಾಣದವರೆಗೂ ಬರುತ್ತಿದ್ದವು; 1876ರಂತೆ ಎತ್ತಿಲ್ಲದೆ ಅವು ನೂರು ಮೈಲಿಯಾಚೆ ಉಳಿಯುವ ಸ್ಥಿತಿ ಇರಲಿಲ್ಲ. ಆದರೆ ಬಂದ ಕಾಳನ್ನು ಕೊಳ್ಳಲು ದುಡ್ಡಿಲ್ಲದವನಿಗೆ ರೈಲು ಏನೂ ಮಾಡಲಾರದು. ಇನ್ನೊಂದು ಮಾತೂ ಇದೆ: ಕಾಳು ತರುವ ಗಾಡಿಯೇ ಕಾಳು ಒಯ್ಯುವ ಗಾಡಿಯೂ ಹೌದು. ಹಗೇವುಗಳಲ್ಲಿ, ಎಂದರೆ ನೆಲದೊಳಗಿನ ಕಣಜಗಳಲ್ಲಿ, ವರ್ಷಗಟ್ಟಲೆ ಜೋಳ ಕೂಡಿಡುತ್ತಿದ್ದ ನಾಡಿನಲ್ಲಿ, ದೂರದ ಪೇಟೆಯಲ್ಲಿ ಒಳ್ಳೆಯ ಧಾರಣೆ ಸಿಗುವಂತಾದ ಮೇಲೆ, ಹಗೇವಿನ ಜೋಳ ಮಾರಾಟದ ಸರಕಾಗತೊಡಗಿತು. ಆದುದರಿಂದ ರೈಲು ಬರವನ್ನು ನಿಲ್ಲಿಸಿತು ಎನ್ನುವುದಕ್ಕಿಂತ, ಬರದ ಸ್ವರೂಪವನ್ನು ಬದಲಿಸಿತು ಎನ್ನುವುದು ಸರಿ. ಕಾಳಿನ ಬರ ಹೋಗಿ ಕೂಲಿಯ ಬರ ಬಂತು.

ನಿಮ್ಮ ಜಿಲ್ಲೆಗೆ ಸಂಬಂಧಿಸಿದ ಇನ್ನೊಂದು ವಿಷಯ: ರೈಲು ಕಲಾದಗಿಯನ್ನು ಮುಟ್ಟಲಿಲ್ಲ. ಬಾಗಲಕೋಟೆ, ವಿಜಯಪುರಗಳ ಮೇಲೆ ಹಳಿ ಬಿದ್ದ ಮರುವರ್ಷವೇ, 1885ರಲ್ಲಿ, ಜಿಲ್ಲೆಯ ಮುಖ್ಯಸ್ಥಳ ಕಲಾದಗಿಯಿಂದ ವಿಜಯಪುರಕ್ಕೆ ಬಂತು. ಆದಿಲಶಾಹಿಯ ಹಳೆಯ ರಾಜಧಾನಿ ಹೀಗೆ ಮತ್ತೆ ಆಡಳಿತದ ಊರಾಯಿತು. ಕಲಾದಗಿ ಇಂದು ದಾಳಿಂಬೆ, ಚಿಕ್ಕುಗಳಿಗೆ ಹೆಸರಾದ ಊರಾಗಿ ಉಳಿದಿದೆ.

ಪ್ರಶ್ನೆ: ಬೆಂಗಳೂರು–ಮೈಸೂರು ರೈಲು ಮಾರ್ಗವನ್ನು ಮೈಸೂರು ಸಂಸ್ಥಾನವೇ ಕಟ್ಟಿಸಿತೆಂದು ಕೇಳಿದ್ದೇವೆ. ಹಾಗಾದರೆ ಅದು ಬ್ರಿಟಿಷ್ ಕಂಪನಿಯ ಕೈಗೆ ಹೋದದ್ದೇಕೆ? (ಮಂಡ್ಯದ ಓದುಗರೊಬ್ಬರು)

ಉತ್ತರ: ಸಾಲದಿಂದ. ಅದೇ ಬರದ ಕಾಲದಲ್ಲಿ ಹಸಿದವರಿಗೆ ಕೂಲಿ ಕೊಡಲೆಂದು ಈ ಮಾರ್ಗದ ಮಣ್ಣಿನ ಕೆಲಸ ನಡೆಯಿತು. 1881ರಲ್ಲಿ ರಾಜ್ಯ ಮತ್ತೆ ಒಡೆಯರ ಮನೆತನಕ್ಕೆ ಬಂದಾಗ ದಿವಾನರಾದ ಸಿ. ರಂಗಾಚಾರ್ಲು ಅವರಿಗೆ ಬಳುವಳಿಯಾಗಿ ಸಿಕ್ಕಿದ್ದು ಬರಿದಾದ ಬೊಕ್ಕಸ ಮತ್ತು ಬರಪರಿಹಾರಕ್ಕೆಂದು ಇಂಗ್ಲಿಷ್ ಸರಕಾರದಿಂದ ತಂದಿದ್ದ 80 ಲಕ್ಷ ರೂಪಾಯಿಯ ಸಾಲ. ಅಂಥ ಸ್ಥಿತಿಯಲ್ಲಿಯೂ ಅವರು ರೈಲಿನ ಕೆಲಸವನ್ನು ಕೈಬಿಡಲಿಲ್ಲ. 1882ರಲ್ಲಿ ಗಾಡಿ ಚನ್ನಪಟ್ಟಣ, ಮದ್ದೂರು, ಮಂಡ್ಯಗಳ ಮೇಲೆ ಹಾಯ್ದು ಮೈಸೂರನ್ನು ಮುಟ್ಟಿತು. 86 ಮೈಲಿಯ ಈ ಮಾರ್ಗವನ್ನು ಒಂದು ದೇಶೀಯ ಸಂಸ್ಥಾನ ತನ್ನ ಹಣದಿಂದ ಕಟ್ಟಿಕೊಂಡದ್ದು ಆ ಕಾಲಕ್ಕೆ ಸಣ್ಣ ಸಾಹಸವಲ್ಲ.

ಮುಂದೆ ತುಮಕೂರಿನವರೆಗೆ 1884ರಲ್ಲಿ ಹಳಿ ಹೋಯಿತು. ಅಲ್ಲಿಂದಾಚೆ ತಿಪಟೂರು, ಅರಸೀಕೆರೆ, ಬೀರೂರು, ದಾವಣಗೆರೆಗಳ ಮೇಲೆ ಹರಿಹರವನ್ನು ಮುಟ್ಟಿದರಷ್ಟೇ ಮುಂಬಯಿ ಕಡೆಯ ಮಾರ್ಗದೊಡನೆ ಸಂಬಂಧ ಬೆಳೆಯುತ್ತಿತ್ತು. ಅದಕ್ಕೆ ಬೇಕಾದ ದೊಡ್ಡ ಮೊತ್ತವನ್ನು ಹೊಂದಿಸುವ ಶಕ್ತಿ ಸಂಸ್ಥಾನಕ್ಕಿರಲಿಲ್ಲ. ಕೆ. ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದಾಗ, 1886ರಲ್ಲಿ, ಸದರ್ನ್ ಮರಾಠಾ ಕಂಪನಿಯ ಮೂಲಕ ಲಂಡನ್ನಿನಲ್ಲಿ ಸುಮಾರು 12 ಲಕ್ಷ ಪೌಂಡ್ ಸಾಲ ಎತ್ತಲಾಯಿತು. ಆಗಲೇ ಓಡುತ್ತಿದ್ದ ಮಾರ್ಗವೂ, ಮುಂದೆ ಕಟ್ಟಬೇಕಾದ ಮಾರ್ಗವೂ ಕಂಪನಿಯ ಆಡಳಿತಕ್ಕೆ ಒಳಪಟ್ಟವು. 1889ರಲ್ಲಿ ಹರಿಹರದವರೆಗಿನ ಕೆಲಸ ಮುಗಿಯಿತು. ಅಲ್ಲಿಗೆ ಬೆಂಗಳೂರಿನಿಂದ ಹುಬ್ಬಳ್ಳಿಗೆ ನೇರ ಗಾಡಿಯ ದಾರಿ ತೆರೆಯಿತು. ನಂಜನಗೂಡು, ಹಿಂದೂಪುರ, ಶಿವಮೊಗ್ಗದ ಕವಲುಗಳು ಮುಂದಿನ ಹತ್ತು ವರ್ಷಗಳಲ್ಲಿ ಬಂದವು.

ಹೋದದ್ದನ್ನು ಮರಳಿ ಪಡೆಯಲು ಮೈಸೂರಿಗೆ ಅರ್ಧ ಶತಮಾನವೇ ಹಿಡಿಯಿತು. ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ ಸಂಸ್ಥಾನವು ಮೈಸೂರು–ಹಾಸನ–ಅರಸೀಕೆರೆ ಮಾರ್ಗವನ್ನು ಸ್ವತಃ ಕಟ್ಟಿ ತನ್ನದೇ ರೈಲ್ವೆ ಇಲಾಖೆಯನ್ನು ಬೆಳೆಸಿತು. 1919ರಲ್ಲಿ ಕಂಪನಿಯಿಂದ ಕೆಲವು ಮಾರ್ಗಗಳು ಹಿಂದಿರುಗಿದವು. ಮುಖ್ಯವಾದ ಮೈಸೂರು–ಹರಿಹರ ಮಾರ್ಗ ಕೈಗೆ ಬಂದದ್ದು ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ, 1938ರಲ್ಲಿ.

ಪ್ರಶ್ನೆ: ಹುಬ್ಬಳ್ಳಿಯ ಹತ್ತಿಗೆ ಹತ್ತಿರದ ಬಂದರು ನಮ್ಮ ಕಾರವಾರ. ಅದನ್ನು ಬಿಟ್ಟು ಪೋರ್ಚುಗೀಸರ ಗೋವೆಗೆ ರೈಲು ಹಾಕಿದ್ದು ಯಾವ ನ್ಯಾಯ? (ಕಾರವಾರದ ನಿವೃತ್ತ ನೌಕರರೊಬ್ಬರು)

ಉತ್ತರ: ನಿಮ್ಮ ಪತ್ರದಲ್ಲಿರುವ ನೋವು ಕಾರವಾರದ ಮೂರು ನಾಲ್ಕು ತಲೆಮಾರುಗಳ ನೋವು. ಅಮೆರಿಕದ ಅಂತರ್ಯುದ್ಧದ ದೆಸೆಯಿಂದ 1861ರ ನಂತರ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬಾರದಾದಾಗ, ಮ್ಯಾಂಚೆಸ್ಟರಿನ ಗಿರಣಿಗಳ ಕಣ್ಣು ಧಾರವಾಡ ಸೀಮೆಯ ಹತ್ತಿಯ ಮೇಲೆ ಬಿತ್ತು. ಆಗ ಹತ್ತಿಯ ಅಂಡಿಗೆಗಳು (ಮೂಟೆಗಳು) ಬಂಡಿಯ ಮೇಲೆ ಘಟ್ಟ ಇಳಿದು ಕುಮಟೆಯ ಬಂದರಿಗೆ ಹೋಗುತ್ತಿದ್ದವು. ಕಾರವಾರದಲ್ಲಿ ಒಳ್ಳೆಯ ಬಂದರನ್ನು ಬೆಳೆಸಬಹುದೆಂಬ ಆಸೆಯಿಂದಲೇ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಇಲಾಖೆಯಿಂದ ತೆಗೆದು ಮುಂಬಯಿ ಇಲಾಖೆಗೆ ಸೇರಿಸಿದರು. ಇಂದಿಗೂ ದಕ್ಷಿಣ ಕನ್ನಡ, ಉತ್ತರ ಕನ್ನಡ ಎಂಬ ಎರಡು ಜಿಲ್ಲೆಗಳಿರುವುದಕ್ಕೆ ಹತ್ತಿಯ ವ್ಯಾಪಾರವೂ ಒಂದು ಕಾರಣವೆಂಬುದನ್ನು ನಾವು ಮರೆತಿದ್ದೇವೆ. ಕಾರವಾರದಿಂದ ಹುಬ್ಬಳ್ಳಿಗೆ ರೈಲು ಹಾಕುವ ಯೋಜನೆ ಹಲವು ವರ್ಷ ಚರ್ಚೆಯಾಯಿತು.

ಅಷ್ಟರಲ್ಲಿ ಅಮೆರಿಕದ ಯುದ್ಧ ಮುಗಿದು ಹತ್ತಿಯ ಧಾರಣೆ ಕುಸಿಯಿತು. 1878ರ ಡಿಸೆಂಬರಿನಲ್ಲಿ ಇಂಗ್ಲೆಂಡ್ ಮತ್ತು ಪೋರ್ಚುಗಲ್ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಅದರಂತೆ ಗೋವೆಯ ಸುಂಕ ಮತ್ತು ಉಪ್ಪಿನ ಆಡಳಿತದಲ್ಲಿ ಇಂಗ್ಲಿಷರಿಗೆ ಹಿಡಿತ ಸಿಕ್ಕಿತು. ಪೋರ್ಚುಗೀಸರಿಗೆ ಮಾರ್ಮಗೋವೆಯ ಬಂದರಿನಿಂದ ಘಟ್ಟದ ಮೇಲಿನವರೆಗೆ ರೈಲು ಸಿಕ್ಕಿತು. ಗೋವೆಯ ಕಡೆಯ ಮಾರ್ಗವನ್ನು ಕಟ್ಟಿದ್ದು ಬೇರೊಂದು ಕಂಪನಿ. ದೂಧ್‌ಸಾಗರ ಜಲಪಾತದ ಎದುರಿನಲ್ಲಿಯೇ, ಸುರಂಗಗಳ ಮೂಲಕ, ಪ್ರತಿ 40 ಅಡಿಗೆ ಒಂದಡಿ ಏರುವಂತೆ ಹಳಿ ಹಾಕಿ ಅವರು ಕ್ಯಾಸಲ್‌ರಾಕ್‌ಗೆ ತಂದರು. ಇತ್ತ ಸದರ್ನ್ ಮರಾಠಾ ಕಂಪನಿ ಲೋಂಡಾದಿಂದ ಬಂದು 1888ರಲ್ಲಿ ಅಲ್ಲಿಯೇ ಅವರನ್ನು ಕೂಡಿಕೊಂಡಿತು. 1902ರಿಂದ ಗೋವೆಯ ಮಾರ್ಗವನ್ನೂ ಇದೇ ಕಂಪನಿ ನಡೆಸಿತು.

ನನ್ನ ಅಭಿಪ್ರಾಯದಲ್ಲಿ ಕಾರವಾರಕ್ಕೆ ಆದದ್ದು ಅನ್ಯಾಯವೇ. ಅದರಿಂದ ಮಾರ್ಮಗೋವೆಗಾದರೂ ನಿರೀಕ್ಷಿಸಿದ ಲಾಭ ಸಿಗಲಿಲ್ಲ ಎಂಬುದು ಇನ್ನೊಂದು ಮಾತು. 1890ರ ಹೊತ್ತಿಗೆ ಲೋಂಡಾದಿಂದ ಬೆಳಗಾವಿ, ಮೀರಜಗಳ ಮೇಲೆ ಪುಣೆಗೂ ಮಾರ್ಗ ಕೂಡಿತು. ಹತ್ತಿ ಮುಂಬಯಿಯ ಕಡೆಗೆ ಹರಿಯಿತು. ಘಟ್ಟದ ಬಂಡಿದಾರಿಗಳು ಬಿಕೋ ಎಂದವು, ಕುಮಟೆ ಮತ್ತು ಕಾರವಾರದ ಬಂದರುಗಳ ವ್ಯಾಪಾರ ಇಳಿಯಿತು. ಕಾರವಾರಕ್ಕೆ ಕೊನೆಗೂ ರೈಲು ಬಂದದ್ದು 1990ರ ದಶಕದಲ್ಲಿ, ಕೊಂಕಣ ರೈಲ್ವೆಯಾಗಿ, ಕರಾವಳಿಯ ಗುಂಟ. ಘಟ್ಟವನ್ನೇರಿ ಹುಬ್ಬಳ್ಳಿಗೆ ಹೋಗುವ ಮಾರ್ಗ ಅಂಕೋಲೆಯ ಹೆಸರಿನಲ್ಲಿ ಮಂಜೂರಾಗಿಯೂ, ಕಾಡಿನ ಪ್ರಶ್ನೆ ಬಗೆಹರಿಯದೆ ನಿಂತಿದೆ.

ಪ್ರಶ್ನೆ: ಆಗಲೇ ಬ್ರಾಡ್‌ಗೇಜ್ ಇದ್ದರೂ ಈ ಕಂಪನಿ ಮೀಟರ್‌ಗೇಜ್ ಹಾಕಿದ್ದೇಕೆ? (ತುಮಕೂರಿನ ವಿದ್ಯಾರ್ಥಿ)

ಉತ್ತರ: ಖರ್ಚು ಕಡಿಮೆಯೆಂದು. ಬ್ರಾಡ್‌ಗೇಜಿನಲ್ಲಿ ಎರಡು ಹಳಿಗಳ ನಡುವೆ 1,676 ಮಿಲಿಮೀಟರ್ ಅಂತರವಿದ್ದರೆ ಮೀಟರ್‌ಗೇಜಿನಲ್ಲಿ 1,000. ಏರಿ, ಸೇತುವೆ, ಸುರಂಗ ಎಲ್ಲವೂ ಅದಕ್ಕೆ ತಕ್ಕಂತೆ ಚಿಕ್ಕದಾಗುತ್ತವೆ. ವೈಸರಾಯ್ ಲಾರ್ಡ್ ಮೇಯೊ ಅವರ ಕಾಲದಲ್ಲಿ, 1870ರ ಸುಮಾರಿಗೆ, ಈ ನಿರ್ಧಾರವಾಯಿತು. ಉಳಿಸಿದ ಹಣದ ಬೆಲೆಯನ್ನು ತೆತ್ತವರು ಹಮಾಲರು. ಹೋಟಗಿಯಲ್ಲಿ ಗದಗದ ಗಾಡಿ ನಿಂತರೆ, ಪಕ್ಕದ ಹಳಿಯಲ್ಲಿ ಮುಂಬಯಿಯ ಅಗಲ ಡಬ್ಬಿ ನಿಂತಿರುತ್ತಿತ್ತು. ಒಂದರಲ್ಲಿದ್ದ ಒಂದೊಂದು ಅಂಡಿಗೆಯನ್ನೂ ಬೆನ್ನ ಮೇಲೆ ಹೊತ್ತು ಇನ್ನೊಂದಕ್ಕೆ ಸಾಗಿಸಬೇಕಾಗಿತ್ತು. ಪುಣೆ, ಬೆಂಗಳೂರುಗಳಲ್ಲಿಯೂ ಇದೇ ಪಾಡು. ಬೆಂಗಳೂರು ದಂಡಿಗೆ ಮದ್ರಾಸಿನಿಂದ ಬ್ರಾಡ್‌ಗೇಜ್ 1864ರಲ್ಲಿಯೇ ಬಂದಿತ್ತು. ಮೈಸೂರಿನ ಗಾಡಿ ಮೀಟರ್‌ಗೇಜಿನದು. ಬೆಂಗಳೂರು–ಹುಬ್ಬಳ್ಳಿ ಮಾರ್ಗ ಬ್ರಾಡ್‌ಗೇಜಾದದ್ದು 1990ರ ದಶಕದಲ್ಲಿ.

ಪ್ರಶ್ನೆ: ನಮ್ಮ ಮುತ್ತಜ್ಜನ ಟ್ರಂಕಿನಲ್ಲಿ ಕೋಟಿನ ಹಿತ್ತಾಳೆ ಗುಂಡಿಯೊಂದು ಸಿಕ್ಕಿದೆ. ಅದರ ಮೇಲೆ ಎಸ್, ಎಂ, ಆರ್ ಎಂಬ ಇಂಗ್ಲಿಷ್ ಅಕ್ಷರಗಳಿವೆ. ಅವರು ಹುಬ್ಬಳ್ಳಿ ವರ್ಕ್‌ಶಾಪಿನಲ್ಲಿದ್ದರು ಎಂದಷ್ಟೇ ಗೊತ್ತು. ಇದು ಯಾವ ಕಾಲದ್ದು? (ಹುಬ್ಬಳ್ಳಿಯ ಗೃಹಿಣಿಯೊಬ್ಬರು)

ಉತ್ತರ: ನೀವು ಕಳಿಸಿದ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಅಂಚಿನ ಗೆರೆ ಸವೆದು ನಯವಾಗಿದೆ, ಹಿಂದಿನ ಕೊಕ್ಕೆ ಒಂದು ಕಡೆಗೆ ಬಾಗಿದೆ, ನಡುವಿನ ‘ಎಂ’ ಅಕ್ಷರದ ಸಂದಿಯಲ್ಲಿ ಕರಿ ಜಿಡ್ಡು ಕೂತಿದೆ. ಆ ಅಕ್ಷರಗಳು ಸದರ್ನ್ ಮರಾಠಾ ರೈಲ್ವೆಯವಾದರೆ, ಗುಂಡಿ 1882ಕ್ಕೂ 1907ಕ್ಕೂ ನಡುವಿನದು. ಯಾಕೆಂದರೆ 1908ರ ಜನವರಿ 1ರಿಂದ ಕಂಪನಿಯ ಹೆಸರೇ ಬದಲಾಗಿ ‘ಮದ್ರಾಸ್ ಆ್ಯಂಡ್ ಸದರ್ನ್ ಮರಾಠಾ’ ಆಯಿತು, ಅಕ್ಷರಗಳೂ ಬದಲಾದವು. ಎಂದರೆ ನಿಮ್ಮ ಮುತ್ತಜ್ಜ ವರ್ಕ್‌ಶಾಪಿನ ಮೊದಲ ತಲೆಮಾರಿನ ಕೆಲಸಗಾರರಾಗಿರಬಹುದು. ದಯವಿಟ್ಟು ಆ ಗುಂಡಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಒಣ ಬಟ್ಟೆಯಲ್ಲಿ ಸುತ್ತಿಡಿ.

ಹುಬ್ಬಳ್ಳಿಯ ವರ್ಕ್‌ಶಾಪು 1885ರಲ್ಲಿ ಆರಂಭವಾಯಿತು. ಉಗಿಬಂಡಿಯ ಬಾಯ್ಲರು, ಗಾಲಿ, ಅಚ್ಚು, ಡಬ್ಬಿಗಳ ರಿಪೇರಿಗೆಂದು ಹುಟ್ಟಿದ ಈ ಕಾರ್ಖಾನೆ ಒಂದು ಊರಿನ ಬದುಕನ್ನೇ ಬದಲಿಸಿತು. ಮಳೆಗೆ ಕಾಯುತ್ತಿದ್ದ ಮನೆಗಳಿಗೆ ತಿಂಗಳ ಪಗಾರ ಎಂಬುದು ಪರಿಚಯವಾದದ್ದು ಇಲ್ಲಿ. ಕಮ್ಮಾರರು, ಬಡಿಗರು ಫಿಟ್ಟರರಾದರು, ಮೋಲ್ಡರರಾದರು. ತೆಲುಗು, ತಮಿಳು, ಮರಾಠಿ, ಉರ್ದು ಮಾತನಾಡುವ ಕುಟುಂಬಗಳು ಬಂದು ನೆಲೆಸಿದವು. ಹಳೆಯ ಹುಬ್ಬಳ್ಳಿಯ ಆಚೆಗೆ ಹೊಸ ಪೇಟೆಗಳು ಬೆಳೆದವು.

ರೈಲು ತಂದದ್ದೆಲ್ಲವೂ ಒಳ್ಳೆಯದಾಗಿರಲಿಲ್ಲ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಇದೇ ಹಳಿಗಳ ಗುಂಟ ಇಳಿದು ಬಂತು. ಹುಬ್ಬಳ್ಳಿ, ಧಾರವಾಡಗಳು ಅದರಿಂದ ನರಳಿದವು. 1898ರ ಆಗಸ್ಟಿನಲ್ಲಿ ಅದು ಬೆಂಗಳೂರನ್ನೂ ಮುಟ್ಟಿತು. ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಇಳಿಸಿ ಕಂಕುಳು ಮುಟ್ಟಿ ನೋಡಿ ತಪಾಸಣೆ ಮಾಡುತ್ತಿದ್ದ ಆ ದಿನಗಳ ಭಯ ಎಷ್ಟೋ ಮನೆಗಳಲ್ಲಿ ಅಜ್ಜಿಯರ ಮಾತಾಗಿ ಉಳಿದಿದೆ. ನಿಮ್ಮ ಮನೆಯಲ್ಲಿಯೂ ಅಂಥ ಮಾತುಗಳಿದ್ದರೆ ಬರೆದಿಡಿ. ಗುಂಡಿಯಷ್ಟೇ ಅವೂ ಬೆಲೆಯುಳ್ಳವು.

ಪ್ರಶ್ನೆ: ಧಾರವಾಡದ ಕರ್ನಾಟಕ ಕಾಲೇಜಿನ ಕಟ್ಟಡ ಮೊದಲು ರೈಲ್ವೆ ಕಚೇರಿಯಾಗಿತ್ತಂತೆ. ಅಷ್ಟು ದೊಡ್ಡ ಕಚೇರಿ ಧಾರವಾಡದಿಂದ ಹೋದದ್ದು ಹೇಗೆ? (ಧಾರವಾಡದ ಹಳೆಯ ವಿದ್ಯಾರ್ಥಿಗಳು, ಮೂವರು ಬೇರೆ ಬೇರೆಯಾಗಿ ಕೇಳಿದ್ದಾರೆ)

ಉತ್ತರ: ಹೌದು, ಆ ಕಟ್ಟಡದಲ್ಲಿಯೇ ಸದರ್ನ್ ಮರಾಠಾ ರೈಲ್ವೆಯ ಪ್ರಧಾನ ಕಚೇರಿಯಿತ್ತು. ಎತ್ತರದ ಕಮಾನುಗಳು, ಉದ್ದನೆಯ ಪಡಸಾಲೆಗಳು, ಗಾಳಿ ಬೆಳಕು ಧಾರಾಳವಾಗಿ ಬರುವ ದೊಡ್ಡ ಕೋಣೆಗಳು ಇವೆಲ್ಲ ಪಾಠ ಹೇಳಲೆಂದು ಕಟ್ಟಿದವಲ್ಲ, ಸಾವಿರ ಮೈಲಿಗೂ ಮೀರಿದ ಮಾರ್ಗಗಳ ಲೆಕ್ಕಪತ್ರ ನೋಡಿಕೊಳ್ಳಲು ಕಟ್ಟಿದವು. ಧಾರವಾಡದ ನಿಲ್ದಾಣವನ್ನು ಮುಂಬಯಿಯ ಗವರ್ನರ್ ಲಾರ್ಡ್ ರೇ ಅವರು 1888ರ ಮಾರ್ಚ್ 31ರಂದು ತೆರೆದರು. ಪುಣೆಯಿಂದ ಹರಿಹರದವರೆಗೆ, ಗೋವೆಯ ಗಡಿಯಿಂದ ಗುಂತಕಲ್ ದಾಟಿ ಕೃಷ್ಣೆಯ ತಡಿಯ ಬೆಜವಾಡದವರೆಗೆ (ಇಂದಿನ ವಿಜಯವಾಡ) ಓಡುವ ಗಾಡಿಗಳ ಆಜ್ಞೆಗಳು ಈ ಮಲೆನಾಡಿನ ಸೆರಗಿನ ಊರಿನಿಂದ ಹೊರಡುತ್ತಿದ್ದ ಕಾಲವೊಂದಿತ್ತು.

ಅದು ಹೋದದ್ದು ಕರಾರಿನ ಲೆಕ್ಕದಲ್ಲಿ. 1856ರಲ್ಲಿ ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ಗಾಡಿಯನ್ನು ಮದ್ರಾಸಿನ ರಾಯಪುರಂನಿಂದ ಓಡಿಸಿದ ಹಳೆಯ ಮದ್ರಾಸ್ ರೈಲ್ವೆ ಕಂಪನಿಯ ಕರಾರು 1907ರ ಕೊನೆಗೆ ಮುಗಿಯಿತು. ಸರಕಾರ ಅದರ ಮಾರ್ಗಗಳನ್ನು ಎರಡು ಪಾಲು ಮಾಡಿತು. ಮದ್ರಾಸ್–ರಾಯಚೂರು, ಬೆಂಗಳೂರಿನ ಕವಲು, ಮದ್ರಾಸ್–ಬೆಜವಾಡ ಮಾರ್ಗಗಳು ಸದರ್ನ್ ಮರಾಠಾ ಕಂಪನಿಗೆ ಸೇರಿ ‘ಮದ್ರಾಸ್ ಆ್ಯಂಡ್ ಸದರ್ನ್ ಮರಾಠಾ ರೈಲ್ವೆ’ ಹುಟ್ಟಿತು. ನಮ್ಮ ಕಡೆಯ ಹಳಬರು ‘ಎಂ.ಎಸ್.ಎಂ. ಕಂಪನಿ’ ಎನ್ನುವುದು ಇದನ್ನೇ. ಬಂದರು, ಬ್ಯಾಂಕು, ಹೈಕೋರ್ಟು ಎಲ್ಲ ಇದ್ದ ಮದ್ರಾಸು ಸಹಜವಾಗಿಯೇ ಮುಖ್ಯಸ್ಥಳವಾಯಿತು. ಅಲ್ಲಿ 1922ರಲ್ಲಿ ಕಂಪನಿಯ ಭವ್ಯವಾದ ಹೊಸ ಕಚೇರಿ ಸಿದ್ಧವಾಯಿತು. ಇಂದಿನ ದಕ್ಷಿಣ ರೈಲ್ವೆಯ ಪ್ರಧಾನ ಕಚೇರಿಯೂ ಅದೇ ಕಟ್ಟಡ.

ಗುಮಾಸ್ತರು, ಲೆಕ್ಕಿಗರು ತಮ್ಮ ಕುಟುಂಬಗಳೊಡನೆ ಹೊರಟುಹೋದ ಮೇಲೆ ಧಾರವಾಡದ ಪೇಟೆಗೆ ಆದ ನಷ್ಟ ದೊಡ್ಡದು. ಆದರೆ 1917ರಲ್ಲಿ ರೊದ್ದ ಶ್ರೀನಿವಾಸರಾಯರು, ಅರಟಾಳ ರುದ್ರಗೌಡರು ಮೊದಲಾದವರ ಪ್ರಯತ್ನದಿಂದ ಕರ್ನಾಟಕ ಕಾಲೇಜು ಆರಂಭವಾದಾಗ, ತೆರವಾಗಿದ್ದ ಈ ಕಟ್ಟಡ ಒದಗಿಬಂತು. ಅದುವರೆಗೆ ಪದವಿಗಾಗಿ ಪುಣೆಗೋ ಮುಂಬಯಿಗೋ ಹೋಗಬೇಕಾಗಿದ್ದ ಈ ಭಾಗದ ಹುಡುಗರು ತಮ್ಮ ಊರಿನಲ್ಲಿಯೇ ಓದುವಂತಾಯಿತು. ರೈಲ್ವೆ ಬಿಟ್ಟುಹೋದ ಕಟ್ಟಡ ಧಾರವಾಡಕ್ಕೆ ರೈಲ್ವೆಗಿಂತ ದೊಡ್ಡದನ್ನು ಕೊಟ್ಟಿತು ಎಂದು ಹೇಳಲು ನನಗೆ ಯಾವ ಸಂಕೋಚವೂ ಇಲ್ಲ.

ಕಂಪನಿಯ ಮುಂದಿನ ಕಥೆಯನ್ನು ಬೇಗ ಹೇಳಬಹುದು. 1944ರ ಏಪ್ರಿಲ್ 1ರಂದು ಸರಕಾರ ಅದರ ಆಡಳಿತವನ್ನು ತಾನೇ ವಹಿಸಿಕೊಂಡಿತು. 1951ರ ಏಪ್ರಿಲ್ 14ರಂದು ಎಂ.ಎಸ್.ಎಂ., ಸೌತ್ ಇಂಡಿಯನ್ ಮತ್ತು ಮೈಸೂರು ಸಂಸ್ಥಾನದ ರೈಲ್ವೆಗಳು ಕೂಡಿ ದಕ್ಷಿಣ ರೈಲ್ವೆಯಾದವು. 1966ರಲ್ಲಿ ಹುಬ್ಬಳ್ಳಿ ವಿಭಾಗ ಸಿಕಂದರಾಬಾದಿನ ದಕ್ಷಿಣ ಮಧ್ಯ ರೈಲ್ವೆಗೆ ಹೋಯಿತು. ಹುಬ್ಬಳ್ಳಿ–ಧಾರವಾಡದ ಜನ ದೀರ್ಘಕಾಲ ಹೋರಾಡಿದ ಮೇಲೆ, 2003ರ ಏಪ್ರಿಲ್‌ನಿಂದ ನೈಋತ್ಯ ರೈಲ್ವೆಯ ಪ್ರಧಾನ ಕಚೇರಿ ಹುಬ್ಬಳ್ಳಿಯಲ್ಲಿ ಕೆಲಸ ಆರಂಭಿಸಿತು. ಧಾರವಾಡದಿಂದ ಹೋದದ್ದು ಇಪ್ಪತ್ತು ಕಿಲೋಮೀಟರ್ ಈಚೆಗೆ ಮರಳಿ ಬರಲು 95 ವರ್ಷ ಬೇಕಾಯಿತು.

ಪ್ರಶ್ನೆ: ಮಂಗಳೂರಿನ ರೈಲು ಕೂಡ ಇದೇ ಕಂಪನಿಯದೇ? (ಮಂಗಳೂರಿನ ಓದುಗರೊಬ್ಬರು)

ಉತ್ತರ: ಅಲ್ಲ. 1907ರಲ್ಲಿ ಮಂಗಳೂರಿಗೆ ರೈಲು ತಂದದ್ದು ಮದ್ರಾಸ್ ರೈಲ್ವೆ. ಮೇಲೆ ಹೇಳಿದ ಪಾಲಿನಲ್ಲಿ ಜೋಲಾರಪೇಟೆಯಿಂದ ಮಲಬಾರಿನ ಮೇಲೆ ಮಂಗಳೂರಿಗೆ ಬರುವ ಮಾರ್ಗ ಮರುವರ್ಷ ಸೌತ್ ಇಂಡಿಯನ್ ರೈಲ್ವೆಗೆ ಸೇರಿತು. ಹೀಗಾಗಿ ಕನ್ನಡ ನಾಡಿನ ಉಳಿದ ಭಾಗದೊಡನೆ ಮಂಗಳೂರಿಗೆ ನೇರ ಹಳಿಯ ಸಂಬಂಧ ಬೆಳೆದದ್ದು ಬಹಳ ತಡವಾಗಿ, ಹಾಸನ–ಸಕಲೇಶಪುರ–ಸುಬ್ರಹ್ಮಣ್ಯದ ಘಟ್ಟ ಮಾರ್ಗ ಸ್ವಾತಂತ್ರ್ಯಾನಂತರ ಸಿದ್ಧವಾದ ಮೇಲೆ. ಆ ಮಾರ್ಗವನ್ನು ಕಟ್ಟಿದ ಬಗೆಯನ್ನು ಕುರಿತೂ ನೀವು ಕೇಳಿದ್ದೀರಿ. ಅದಕ್ಕೆ ಮುಂದಿನ ಸಂಚಿಕೆಯಲ್ಲಿ ವಿವರವಾಗಿ ಉತ್ತರಿಸುತ್ತೇನೆ.